ಗಾಯ ಹುಡುಕುವ ಎಂ.ಎ.

ನನ್ನ ಮಗ ರೂಬನ್ ಎಂ.ಎ. ಓದುತ್ತಿದ್ದಾನೆ. ಯಾವುದರಲ್ಲಿ ಎಂದು ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ಸೃಜನಶೀಲ ಬರವಣಿಗೆಯಲ್ಲಿ! ಕಥೆ ಬರೆಯುವುದಕ್ಕೆ ನಾಲ್ಕು ಸೆಮಿಸ್ಟರ್, ಹಾಜರಿ ಬೇರೆ ಕಡ್ಡಾಯ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ನನಗೆ ಇಂಥದ್ದೊಂದು ಪದವಿ ಇರುವುದೇ ಗೊತ್ತಿರಲಿಲ್ಲ. ನಮ್ಮೂರು ಬಿಕರ್ನಕಟ್ಟೆಯಲ್ಲಿ ಯಾರಾದರೂ "ಆಂಬ್ರೋಸ್ ಮಾಸ್ಟ್ರೇ, ಮಗ ಎಂತ ಮಾಡ್ತಾನೆ?" ಎಂದರೆ "ಎಂ.ಎ." ಎಂದಷ್ಟೇ ಹೇಳಿ ಬೇಗ ಬೇಗ ಮುಂದೆ ಹೋಗುತ್ತೇನೆ.

ಅವನ ಗೈಡ್ ಆರ್ಥರ್ ಎಂಬ ಮಹಾನುಭಾವರು. ಯಾರು ಏನು ಬರೆದು ತಂದರೂ ಅವರದು ಒಂದೇ ಪ್ರಶ್ನೆಯಂತೆ: "ಇದರಲ್ಲಿ ಗಾಯ ಎಲ್ಲುಂಟು?" ರೂಬನ್‌ಗೆ ಗಾಯ ಎಲ್ಲಿಂದ ಬರಬೇಕು? ದಿನಾ ಮೀನು ಸಾರು, ಭಾನುವಾರ ಹಂದಿ ಮಾಂಸ, ತಿರುಗಾಡಲು ನನ್ನ ಬೈಕು. ಇಪ್ಪತ್ತಮೂರು ವರ್ಷದಲ್ಲಿ ಅವನನ್ನು ಕಚ್ಚಿದ್ದು ಸೊಳ್ಳೆ ಮಾತ್ರ. ಸ್ವಂತ ಗಾಯ ಇಲ್ಲದವನು ಬೇರೆಯವರದ್ದನ್ನು ಹುಡುಕಲು ಹೊರಟ. ಹೆಚ್ಚು ದೂರವೇನೂ ಹೋಗಲಿಲ್ಲ. ಶಕ್ತಿನಗರದಲ್ಲಿರುವ ನನ್ನ ತಂಗಿ ಡಾಲಿಯ ಮನೆಗೇ ಹೋದ.

ಡಾಲಿ ಇಪ್ಪತ್ತೆರಡು ವರ್ಷ ಕುವೈತಿನಲ್ಲಿದ್ದವಳು. ಗಂಡ ಬೇಗ ತೀರಿಕೊಂಡ. ಮಗಳು ಕ್ಯಾರಲ್ ಬೆಳೆದದ್ದು ನಮ್ಮ ಮನೆಯಲ್ಲಿ. ಊರಿಗೆಲ್ಲ, ಕ್ಯಾರಲ್‌ಗೂ, ಡಾಲಿ ಎಂದರೆ ನರ್ಸ್. ಅವಳು ಹೋದದ್ದು ಮನೆಕೆಲಸಕ್ಕೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಊರವರ ಮುಂದೆ ಅವಳನ್ನು ನರ್ಸ್ ಎಂದು ಮೊದಲು ಹೇಳಿದವನೂ ನಾನೇ. ಆ ಮಾತಿಗೆ ಈಗಲೂ ನನಗೆ ನಾಚಿಕೆ ಇಲ್ಲ.

ರೂಬನ್ ವಾರಕ್ಕೆರಡು ಸಲ ಹೋಗಿ ಡಾಲಿ ಹುರಿದ ಬಂಗುಡೆ ತಿಂದು, ಅವಳ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುತ್ತಿದ್ದನಂತೆ. "ಕಾಲೇಜಿನ ಹೋಂವರ್ಕ್ ಆಂಟಿ, ಸರ್ ಮಾತ್ರ ಓದ್ತಾರೆ" ಎಂದನಂತೆ. ಪಾಪದ ಹೆಂಗಸು ನಂಬಿದಳು. ಅಷ್ಟು ವರ್ಷ ಯಾರಿಗೂ ಬಿಡಿಸಿ ಹೇಳದ್ದನ್ನು ಅಣ್ಣನ ಮಗನಿಗೆ ಹೇಳಿಬಿಟ್ಟಳು.

ಆಮೇಲೆ ಕ್ಯಾರಲ್‌ಳ ಮದುವೆ ಬಂತು. ನಮ್ಮ ಮದುವೆಗಳಲ್ಲಿ ಟೋಸ್ಟ್ ಎತ್ತುವ ಕ್ರಮ ಉಂಟು. ಒಬ್ಬರು ಮೈಕ್ ಹಿಡಿದು ಮದುಮಕ್ಕಳ ಹುಟ್ಟು, ತಂದೆ ತಾಯಿ, ಓದು, ಉದ್ಯೋಗ ಎಲ್ಲವನ್ನೂ ವರ್ಣಿಸಬೇಕು, ಕೊನೆಗೆ ಹಾಲ್‌ನಲ್ಲಿರುವವರೆಲ್ಲ ಗ್ಲಾಸ್ ಎತ್ತಬೇಕು. ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ಎಷ್ಟೋ ಮದುವೆಗಳಲ್ಲಿ ನಾನೇ ಟೋಸ್ಟ್ ಎತ್ತಿದ್ದೇನೆ. ಆ ವಿದ್ಯೆ ಇರುವುದು ಬಿಡುವುದರಲ್ಲಿ. ಮುರಿದುಹೋದ ಸಂಬಂಧ ಬಿಡಬೇಕು, ಫೇಲಾದ ವರ್ಷ ಬಿಡಬೇಕು, ಕುಡುಕ ಅಪ್ಪನನ್ನು ಸ್ನೇಹಜೀವಿ ಎನ್ನಬೇಕು. ಇದನ್ನು ಕಲಿಸಲು ಯಾವ ಕಾಲೇಜೂ ಬೇಡ, ಸ್ವಲ್ಪ ಮಾನ ಮರ್ಯಾದೆ ಇದ್ದರೆ ಸಾಕು. ಆ ದಿನ ಮಾತ್ರ ನಾನು ಮೈಕನ್ನು ಮಗನ ಕೈಗೆ ಕೊಟ್ಟೆ. ಎಂ.ಎ. ಓದುವ ಮಗ, ನಾಲ್ಕು ಜನ ನೋಡಲಿ ಎಂಬ ಜಂಭ. ಮಾಡಿದ್ದುಣ್ಣೋ ಮಹಾರಾಯ!

ಅವನು ಶುರು ಮಾಡಿದ್ದೇ ಹೀಗೆ: "ಕ್ಯಾರಲ್‌ಳ ತಾಯಿ ನರ್ಸ್ ಅಲ್ಲ. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಮನೆಯ ಕಕ್ಕಸು ತೊಳೆದ ಕೆಲಸದವಳು. ಆ ನೋವಿಗೆ ಇವತ್ತು ಗ್ಲಾಸ್ ಎತ್ತುವ."

ನಾನೂರು ಜನರ ಹಾಲ್. ಮದುಮಗನ ತಾಯಿ ಕೈಯಲ್ಲಿದ್ದ ಗ್ಲಾಸನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಕ್ಯಾರಲ್ ತಿರುಗಿ, "ಮಮ್ಮಿ, ಹೌದಾ?" ಎಂದಳು. ಡಾಲಿ, "ಮೊದಲು ಗ್ಲಾಸ್ ಎತ್ತು, ಜನ ಕಾಯ್ತಾ ಇದ್ದಾರೆ" ಎಂದಳು. ನಾನು ಮೈಕ್ ಕಿತ್ತುಕೊಂಡು ಬ್ಯಾಂಡಿನವರಿಗೆ ಕೈ ಬೀಸಿದೆ.

ಮನೆಗೆ ಬಂದ ಮೇಲೆ ಕೇಳುತ್ತಾನೆ, "ಡ್ಯಾಡಿ, ಸತ್ಯ ಹೇಳಿದ್ರಲ್ಲಿ ಎಂತ ತಪ್ಪುಂಟು?"

"ನಿನ್ನದೇ ಸತ್ಯ ಆದ್ರೆ ಹೇಳು ಮಾರಾಯ. ಉಂಡ ಮನೆಯ ಜಂತೆ ಎಣಿಸ್ಲಿಕ್ಕೆ ಎರಡು ವರ್ಷ ಓದ್ಬೇಕಾ?"

ನಾಚಿಕೆಯಾದರೂ ಆಗಬೇಕಿತ್ತಲ್ಲ! ಆ ಹಾಲ್, ಕ್ಯಾರಲ್‌ಳ ಮುಖ, ಇಟ್ಟ ಗ್ಲಾಸು ಎಲ್ಲವನ್ನೂ ಸೇರಿಸಿ ಎಂ.ಎ. ಪ್ರಬಂಧಕ್ಕೆಂದು ನೂರಿಪ್ಪತ್ತು ಪುಟ ಬರೆದ. ಹೆಸರು 'ಕೆಲಸದವಳು: ಒಂದು ನಿಜ ಜೀವನ'. ಆರ್ಥರ್ ಸಾಹೇಬರಿಗೆ ಅಂತೂ ಗಾಯ ಸಿಕ್ಕಿತು. ಬಹಳ ಮೆಚ್ಚಿಕೊಂಡರಂತೆ. ಇತ್ತ ಕ್ಯಾರಲ್‌ಳ ಅತ್ತೆ ನಾಲ್ಕು ಜನರೆದುರು ಬೀಗಿತ್ತಿಯ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಡಾಲಿ ಇಗರ್ಜಿಯಲ್ಲಿ ಭಾನುವಾರದ ದೊಡ್ಡ ಪೂಜೆ ಬಿಟ್ಟು, ಜನ ಕಡಿಮೆ ಇರುವ ಬೆಳಗಿನ ಪೂಜೆಗೆ ಹೋಗತೊಡಗಿದ್ದಳು.

ಕೊನೆಗೆ ಕಾಲೇಜಿನವರು ಒಂದು ಸಮ್ಮತಿ ಪತ್ರ ಕೇಳಿದರು. ನಿಜ ಜೀವನ ಬರೆದರೆ, ಆ ವ್ಯಕ್ತಿಯೇ ತನ್ನ ಹೆಸರು, ವಯಸ್ಸು, ಉದ್ಯೋಗ ತುಂಬಿಸಿ ಸಹಿ ಹಾಕಬೇಕು. ಬರೆದದ್ದಕ್ಕೂ ಪತ್ರಕ್ಕೂ ತಾಳೆಯಾಗದಿದ್ದರೆ ಪ್ರಬಂಧ ವಾಪಸ್. ಮೊದಲೇ ಪಡೆಯಬೇಕಾಗಿದ್ದ ಪತ್ರ ಅದು. ಗಾಯದ ಗಡಿಬಿಡಿಯಲ್ಲಿ ನಮ್ಮ ಪಂಡಿತ ಮರೆತಿದ್ದ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನು ಎಳೆದುಕೊಂಡು ಹೋದ.

ಡಾಲಿ ಬಾಗಿಲು ತೆರೆದಳು, ಕುಳಿತುಕೊಳ್ಳಲು ಹೇಳಿದಳು, ಚಾ ಕೊಟ್ಟಳು. ರೂಬನ್ ತಲೆ ತಗ್ಗಿಸಿ ಕಾಗದ ಚಾಚಿದ. "ಆಂಟಿ, ಇದಿಲ್ಲದಿದ್ರೆ ನನಗೆ ಡಿಗ್ರಿ ಇಲ್ಲ."

ಹರಿದು ಬಿಸಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಕನ್ನಡಕ ಹಾಕಿ, ಒಂದೊಂದೇ ಸಾಲು ಓದಿ, ನಿಧಾನಕ್ಕೆ ತುಂಬಿಸಿ, ಸಹಿ ಹಾಕಿ ಕೊಟ್ಟಳು. ರೂಬನ್ ಅದನ್ನು ನೋಡಿ ಬಿಳುಚಿಕೊಂಡ. ಉದ್ಯೋಗ ಎಂಬ ಜಾಗದಲ್ಲಿ 'ನರ್ಸ್' ಎಂದಿತ್ತು.

"ಆಂಟಿ, ಹೀಗೆ ಬರೆದ್ರೆ ನನ್ನ ಪುಸ್ತಕ ಪೂರ್ತಿ ಸುಳ್ಳಾಗ್ತದೆ!"

"ಆಗ್ಲಿ" ಎಂದಳು ಡಾಲಿ. "ಕುವೈತಿನ ಆ ಮನೆಯಲ್ಲಿ ಹನ್ನೊಂದು ವರ್ಷ ಹಾಸಿಗೆ ಹಿಡಿದ ಮುದುಕಿಯ ಬೆನ್ನಲ್ಲಿ ಒಂದೇ ಒಂದು ಹುಣ್ಣು ಏಳ್ಲಿಕ್ಕೆ ಬಿಡ್ಲಿಲ್ಲ ನಾನು. ಅದನ್ನೂ ನಿನ್ನ ಹತ್ರ ಹೇಳಿದ್ದೆ ಬಾಬಾ. ಅದು ಮಾತ್ರ ನಿನಗೆ ಬೇಡ ಆಯ್ತು."