ನಾನು ನೋಡದ ಕಂತು

ನನಗೆ ಪರದೆ ಕಂಡರೆ ಆಗುವುದಿಲ್ಲ. ಗಡಿ ಭಾಗದ ಜತ್ತದ ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಫಾರ್ಮ್ ತುಂಬುವ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು. ಹೊಲದ ಉತಾರ, ಜಾತಿಯ ದಾಖಲೆ, ಶಿಷ್ಯವೃತ್ತಿ, ದಿನವಿಡೀ ಅದೇ. ಮಾಲಕ ಮರಾಠಿಯಲ್ಲಿ ಬೈಯುತ್ತಾನೆ, ಬಂದವರು ಕನ್ನಡದಲ್ಲಿ ಬೈಯುತ್ತಾರೆ, ನಾನು ಎರಡರಲ್ಲೂ ತಿರುಗಿ ಬೈಯುತ್ತೇನೆ. ಸಂಜೆ ಕರಜಗಿಗೆ ಮರಳಿದಾಗ ಮನೆಯಲ್ಲಿ ಟಿ.ವಿ. ಹಚ್ಚಿದ್ದರೆ ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂಡುತ್ತೇನೆ.

ಅವ್ವನಿಗೆ ಮಾತ್ರ ಒಂದು ಧಾರಾವಾಹಿ ತಪ್ಪುವಂತಿರಲಿಲ್ಲ. ಅವಳಿಗಾಗಿ ಅಲ್ಲ, ಅಪ್ಪನಿಗಾಗಿ. ನಮ್ಮದು ಕುರಿ ಸಾಕುವ ಮನೆತನ. ದೀಪಾವಳಿ ಮುಗಿಸಿ ಅಪ್ಪ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಯ ಕಡೆ ಇಳಿದನೆಂದರೆ ತಿರುಗಿ ಬರುವುದು ಜೂನಿನ ಮಿರಗದ ಮಳೆಗೆ. ಅಲ್ಲಿಯವರೆಗೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ, ಅಲ್ಲೇ ಕಂಬಳಿ ಹಾಸಿ ಮಲಗಬೇಕು. ಧಾರಾವಾಹಿ ಮುಗಿದ ಗಳಿಗೆಗೆ ಅವನ ಫೋನು ಬರುತ್ತಿತ್ತು. “ಏನಾತು ಇವತ್ತ?” ಅನ್ನುತ್ತಿದ್ದ. ಅವ್ವ ಅಂದಿನ ಕಂತನ್ನು ಒಂದು ಎಳೆ ಬಿಡದೆ ಹೇಳುತ್ತಿದ್ದಳು, ಧಾರಾವಾಹಿಯವರು ಅತ್ತಲ್ಲಿ ತಾನೂ ಮೂಗು ಒರೆಸಿಕೊಳ್ಳುತ್ತಿದ್ದಳು.

ಅದು ಮಾತು ಬಿಟ್ಟ ಅಣ್ಣತಮ್ಮಂದಿರ ಕತೆ. ಬೆಳುಂಕಿಯಲ್ಲಿದ್ದ ನನ್ನ ದೊಡ್ಡಪ್ಪನಿಗೂ ಅಪ್ಪನಿಗೂ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಕುರಿ ಹಿಸೆಯಾಗುವಾಗ ದೇವರ ಹೆಸರಿನಲ್ಲಿ ಬಿಟ್ಟ ಟಗರನ್ನು ಯಾರೂ ಪಾಲಿಗೆ ಹಿಡಿಯುವಂತಿಲ್ಲ, ಅದು ಹಿರಿಯನ ಮನೆಯ ದೇವರ ಜಗಲಿಗೆ ಸೇರಿದ್ದು. ಆ ಟಗರು ಅಪ್ಪನ ಹಿಂಡಿನ ಬೆನ್ನು ಹತ್ತಿ ಬಂದುಬಿಟ್ಟಿತು. ಮಳೆಗಾಲಕ್ಕೆ ಹೋಗಿ ಒಪ್ಪಿಸಿದರಾಯಿತು ಎಂದು ಇವನು ಸುಮ್ಮನಿದ್ದ. ದಾರಿಯಲ್ಲಿ ಬ್ಯಾನೆ ಬಿದ್ದು ಸತ್ತಿತು. “ದೇವರನ್ನ ತಿಂದಾಂವ” ಎಂದುಬಿಟ್ಟ ದೊಡ್ಡಪ್ಪ. ಅಲ್ಲಿಗೆ ಒಬ್ಬರ ಮನೆಯ ನೀರು ಇನ್ನೊಬ್ಬರಿಗೆ ಬಂದ್ ಆಯಿತು. “ಅಣ್ಣ ತಮ್ಮ ಕೂಡ್ತಾರೇನ?” ಎಂದು ಅಪ್ಪ ಫೋನಿನಲ್ಲಿ ಕೇಳುವಾಗ ಯಾರ ಸುದ್ದಿ ಕೇಳುತ್ತಿದ್ದಾನೆಂದು ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ವರ್ಷ ಚಳಿಗಾಲದಲ್ಲಿ ನಮ್ಮ ಓಣಿಯ ಡಿ.ಪಿ. ಸುಟ್ಟಿತು. ಒಂಬತ್ತು ದಿನ ಕರೆಂಟಿಲ್ಲ. ಅವ್ವ ನನ್ನ ಬೆನ್ನು ಹತ್ತಿದಳು. “ನಿಮ್ಮ ಅಂಗಡ್ಯಾಗ ಹಳೆ ಲ್ಯಾಪ್‌ಟಾಪ್ ಐತೆಲ್ಲವಾ, ತಪ್ಪಿದ್ದೆಲ್ಲಾ ಅದರಾಗ ಸಿಗತೈತಂತ. ಊಟದ ಹೊತ್ತಿನ್ಯಾಗ ನೋಡಿ ಬಂದು ಹೇಳು. ನಿಮ್ಮಪ್ಪಗ ನಾ ಏನಂತ ಹೇಳ್ಲಿ?”

ಆ ಲ್ಯಾಪ್‌ಟಾಪಿಗೆ ಕುತ್ತಿಗೆ ಮುರಿದಿತ್ತು, ಹಿಂದೆ ಡಬ್ಬಿ ಇಟ್ಟರೆ ಮಾತ್ರ ಪರದೆ ನಿಲ್ಲುತ್ತಿತ್ತು. ಎರಡು ದಿನ ರೊಟ್ಟಿ ತಿನ್ನುತ್ತ ನಿಯತ್ತಿನಿಂದ ನೋಡಿದೆ. ಮೂರನೆಯ ದಿನ ಪೊಲೀಸ್ ಭರತಿಯ ಫಾರ್ಮಿಗೆ ಕೊನೆಯ ದಿನ. ಸಾಲು ರಸ್ತೆಗೆ ಬಂದಿತ್ತು, ನೀರು ಕುಡಿಯಲೂ ಏಳಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಚಿಮಣಿಯ ಬೆಳಕಿನಲ್ಲಿ ಅವ್ವನ ಮೋರೆ.

“ಏನಾತು?”

“ಆತವಾ, ಕೂಡಿದ್ರು!” ಅಂದೆ. ಪೀಡೆ ಕಳೆಯಲಿ ಎಂದೇ ಅಂದದ್ದು.

“ಖರೇನ?” ಎಂದು ಅವಳು ಹಿಟ್ಟಿನ ಕೈಯಲ್ಲೇ ನನ್ನ ಮುಂದೆ ಕುಂತಳು. ಸುಳ್ಳಿಗೆ ಒಮ್ಮೆ ಬಾಯಿ ಬಿಟ್ಟ ಮೇಲೆ ನನ್ನ ನಾಲಿಗೆಗೆ ಲಗಾಮು ಎಲ್ಲಿ? “ತಮ್ಮ ಅಣ್ಣನ ಬಾಗಲಕ್ಕ ಹ್ವಾದ. ಅಣ್ಣ ಎದ್ದ ಬಂದು ಅಪ್ಪಿಕೊಂಡ. ಇಬ್ರೂ ಒಂದ ತಾಟಿನ್ಯಾಗ ಉಂಡ್ರು.”

ಅಪ್ಪನ ಫೋನು ಬಂತು. ಅವ್ವ ನಾನು ಹೇಳಿದ್ದಕ್ಕೆ ಇನ್ನಷ್ಟು ಸೇರಿಸಿ ಹೇಳಿದಳು. ಆ ಕಡೆ ಕುರಿಗಳ ಸದ್ದಿನ ನಡುವೆ ಅಪ್ಪ ಕೇಳಿದ.

“ಒಂದ ತಾಟಿನ್ಯಾಗ?”

“ಹೂಂರಿ.”

“ಮೊದಲ ಯಾರ ಮಾತಾಡಿದ್ರು?”

ಅವ್ವ ನನ್ನ ಕಡೆ ನೋಡಿದಳು. ನನಗೆ ಹಸಿವು ತಲೆಗೇರಿತ್ತು. “ಅಣ್ಣ” ಎಂದು ಫೋನಿಗೆ ಕೇಳುವಂತೆ ಅಂದೆ.

ಹೊಸ ಡಿ.ಪಿ. ಕೂಡಿಸಿ ಟಿ.ವಿ. ಹತ್ತಿದಾಗ ಧಾರಾವಾಹಿಯಲ್ಲಿ ಅಣ್ಣತಮ್ಮಂದಿರು ಇನ್ನೂ ಮೋರೆ ತಿರುಗಿಸಿಕೊಂಡೇ ಇದ್ದರು. “ಮತ್ತ ಕೆಟ್ಟಾರ. ಧಾರಾವಾಹಿ ಅಂದ್ರ ಅಷ್ಟ” ಅಂದೆ. ಅವ್ವ ನಂಬಿದಳು. ಅಪ್ಪ ಮಾತ್ರ ಆಮೇಲೆ ಕತೆ ಕೇಳುವುದನ್ನೇ ಬಿಟ್ಟ. ಕುರಿ, ನೀರು, ಮೇವು ಅಂತ ನಾಲ್ಕು ಮಾತಾಡಿ ಫೋನು ಇಡುತ್ತಿದ್ದ. ಅಬ್ಬಾ, ಬೇಸರ ಬಂತಲ್ಲ ಎಂದು ನಾನು ಹಗುರಾದೆ. ಎಂಥ ಕತ್ತೆ ನಾನು!

ಬೇಸಿಗೆ ಮುಗಿಯುವ ಮೊದಲೇ ದೊಡ್ಡಪ್ಪ ತೀರಿಕೊಂಡ. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಅಪ್ಪ ಹಿಂಡನ್ನು ಜೊತೆಗಾರನಿಗೆ ಒಪ್ಪಿಸಿ ಮಣ್ಣಿಗೆ ಬಂದ. ಎಲ್ಲರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಮನೆಗೆ ಬಂದು ಗೋಡೆಗೆ ಒರಗಿದ. ಸೂತಕದ ದಿನ ಮುಗಿಯುವವರೆಗೆ ನಮ್ಮಲ್ಲಿ ಟಿ.ವಿ. ಹಚ್ಚುವುದಿಲ್ಲ. ಮುಗಿದ ಮರುದಿನ ಅಪ್ಪ ನನ್ನನ್ನು ಕರೆದ.

“ಮಗಳ, ಆ ಲ್ಯಾಪ್‌ಟಾಪ್ ಒಂದಿನಾ ತರ್ತೀಯೇನ? ಆ ಕಂತ ತೋರಸು. ಕೂಡಿ ಉಂಡದ್ದು.”

ಮಾಲಕನನ್ನು ಕೇಳಿ ತಂದೆ. ಬೇರೆ ದಾರಿ ಇರಲಿಲ್ಲ. ನೆಟ್ ಇಲ್ಲ ಅಂದೆ. “ಬರ್ಲಿ ತಗೋ, ನನಗೇನ ಗಡಿಬಿಡಿ ಐತಿ” ಎಂದು ಅವನು ಚಕ್ಕಂಬಕ್ಕಳ ಹಾಕಿ ಕುಂತ. ಕೊನೆಗೆ ಆ ದಿನದ ಕಂತು ತೆರೆದೆ. ಅದನ್ನು ನಾನೂ ನೋಡುತ್ತಿದ್ದದ್ದು ಮೊದಲ ಸಲ. ಅದರಲ್ಲಿ ಅಣ್ಣನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಇಪ್ಪತ್ತು ನಿಮಿಷ ಹೆಂಗಸರು ಒಂದು ಸೀರೆಗಾಗಿ ಜಗಳಾಡಿದರು. ಅಪ್ಪ ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿದ.

“ಮುಂದಿಂದರಾಗ ಐತೇನ?”

“ಎದರಾಗೂ ಇಲ್ಲಪಾ. ನಾ ನೋಡಿದ್ದಿಲ್ಲ. ಸಾಕಾಗಿತ್ತು, ಬಾಯಿಗೆ ಬಂದದ್ದ ಹೇಳಿದೆ.”

ಅವ್ವ “ಅಯ್ಯ ಶಿವನ!” ಎಂದು ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಬೈಯುತ್ತಾನೆ ಎಂದು ತಲೆ ತಗ್ಗಿಸಿ ಕುಂತೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

“ನೀವ ಹೇಳಿದ ಮರುದಿನ ನಾ ಬೆಳುಂಕಿಗಿ ಹೋಗಿದ್ನೆವಾ” ಅಂದ, ಪರದೆಯ ಕಡೆಯೇ ನೋಡುತ್ತ. “ಯಾರಿಗೂ ಹೇಳ್ಲಿಲ್ಲ. ಹೊಸಾ ಕಂಬಳಿ ಒಯ್ದಿದ್ದೆ ಅವಗ. ಕಟ್ಟಿ ಮ್ಯಾಲ ಒಬ್ಬನ ಕುಂತಿದ್ದ. ನನ್ನ ನೋಡಿದ. ನಾನೂ ನೋಡಿದೆ. ಭಾಳ ಹೊತ್ತ ನಿಂತೆ. ಆಮ್ಯಾಲ ಅಂವ ಎದ್ದ ಒಳಗ ಹ್ವಾದ.”

“ನೀ ಮಾತಾಡಸಬೇಕಿಲ್ಲೇನಪಾ!” ನಾನು ಚೀರಿಯೇ ಬಿಟ್ಟೆ.

“ಮಾತಾಡ್ಸಾಕಂತನ ಹೋಗಿದ್ದೆ” ಎಂದ ಅಪ್ಪ. “ಆದರ ಅಣ್ಣ ಮೊದಲ ಮಾತಾಡಿದಾ ಅಂತ ನೀ ಹೇಳಿದ್ದೆಲ್ಲ. ಅದಕ್ಕ ಸುಮ್ಮ ನಿಂತೆ.”