ವಿಷಲ್ ಇಲ್ಲದ ಆಟ

ಮಂಡ್ಯದ ಗುತ್ತಲಿನಲ್ಲಿ ಕೆಂಪರಾಜು ಮೇಷ್ಟ್ರು ಕೆಮ್ಮಿದರೆ ಸಾಕು, ಕಬಡ್ಡಿ ಹುಡುಗರು ಈಗಲೂ ನೆಟ್ಟಗೆ ನಿಲ್ಲುತ್ತಾರೆ. ಪಿ.ಟಿ. ಮೇಷ್ಟ್ರಾಗಿ, ಊರೂರಿನ ಪಂದ್ಯಗಳಿಗೆ ರೆಫ್ರಿಯಾಗಿ ಅವರ ಆಯುಷ್ಯವೆಲ್ಲ ಒಂದೇ ಜಗಳದಲ್ಲಿ ಸವೆದಿತ್ತು: ಮುಟ್ಟಿದ, ಮುಟ್ಟಲಿಲ್ಲ. ಬೆನ್ನ ಮೇಲೆ ಬೆರಳಚ್ಚು ಮೂಡಿದ್ದರೂ "ಮುಟ್ಟೇ ಇಲ್ಲ ಸಾ" ಎಂದು ದೇವರಾಣೆ ಹಾಕುವವರನ್ನೇ ಅವರು ಕಂಡದ್ದು. ಕೆರಗೋಡಿನಲ್ಲಿ ಒಮ್ಮೆ ಸ್ವಂತ ಅಣ್ಣನ ಮಗನಿಗೇ ಔಟ್ ಕೊಟ್ಟು, ಆ ವರ್ಷ ಹಬ್ಬದೂಟ ಕಳೆದುಕೊಂಡರು. ಕೇಳಿದವರಿಗೆಲ್ಲ ಒಂದೇ ಉತ್ತರ: "ನನ್ ಕಣ್ಗೆ ಕಂಡಿದ್ದು ಕಂಡಿದ್ದೇ ಕಣ್ಲಾ."

ಮಗಳು ನಾಗಮಣಿಗೆ ಮದ್ದೂರು-ಮಳವಳ್ಳಿ ರಸ್ತೆಯ ಗಾಲ್ಫ್ ಮೈದಾನದ ಆಫೀಸಿನಲ್ಲಿ ಕೆಲಸ. ಅಮ್ಮನ ಜೊತೆ ಹೋಗಿ ಬಂದೇ ಮೊಮ್ಮಗಳು ಚಂದನ ಆಟ ಕಲಿತಳು. ಈ ವರ್ಷ ಮಕ್ಕಳ ಗಾಲ್ಫ್ ಸರಣಿಯಲ್ಲೂ ಆಡಿದಳು. ಒಂದೊಂದು ಸುತ್ತು ಒಂದೊಂದು ಊರಿನಲ್ಲಿ, ಪ್ರತಿ ಸುತ್ತಿಗೂ ಪಾಯಿಂಟು, ಪಾಯಿಂಟು ಹೆಚ್ಚಿದ್ದವರಿಗೆ ಆಮೇಲೆ ಫೈನಲ್. ಕೊನೆಯ ಸುತ್ತು ಇಲ್ಲೇ ಬಿತ್ತು. ಅಷ್ಟು ಹೊತ್ತಿಗೆ ಚಂದನಳೂ ಮೈಸೂರಿನ ತನ್ಮಯಿಯೂ ಸರಿಸಮ. ಫೈನಲ್ಲಿಗೆ ಉಳಿದದ್ದು ಒಂದೇ ಜಾಗ.

ಪಂದ್ಯ ನಡೆಸುವ ಶ್ರೀಕಾಂತ್, ಅಪ್ಪ ಅಮ್ಮಂದಿರನ್ನು ಹಗ್ಗದ ಆಚೆ ನಿಲ್ಲಿಸುವ ಕೆಲಸವನ್ನು ಮೇಷ್ಟ್ರಿಗೆ ವಹಿಸಿದ್ದರು. ಮೇಷ್ಟ್ರು ಕೊರಳಿಗೆ ವಿಷಲ್ ಹಾಕಿಕೊಂಡೇ ಬಂದರು.

"ಅದನ್ನ ಜೇಬಿಗೆ ಹಾಕ್ಕೊಳ್ಳಿ ಮೇಷ್ಟ್ರೇ. ಇಲ್ಲಿ ಸದ್ದು ಮಾಡೋ ಹಾಗಿಲ್ಲ."

"ಮತ್ತೆ ರೆಫ್ರಿ ಎಲ್ಲವ್ರೆ?"

"ಅನುಮಾನ ಬಂದ್ರೆ ಮಕ್ಕಳೇ ಕರೀತಾರೆ, ಆಗ ಬರ್ತಾರೆ. ಇವಳ ಹೊಡೆತ ಅವಳು ಬರೀತಾಳೆ, ಅವಳದ್ದು ಇವಳು. ಕೈತಪ್ಪಿ ಚೆಂಡು ಒಂಚೂರು ಜರುಗಿದ್ರೂ ಒಂದು ಹೊಡೆತ ದಂಡ. ತಪ್ಪಾದ್ರೆ ಅವರವರೇ ಹೇಳ್ಕೋಬೇಕು."

"ಓಗ್ಲಿ ಬುಡಿ ಸಾ! ನಮ್ಮ ಕಡೆ ಇಂಗೆ ಬುಟ್ರೆ ಆಟ ಕೆಟ್ಟಂಗೆಯ." ಮೇಷ್ಟ್ರು ಹೊಟ್ಟೆ ತುಂಬ ನಕ್ಕರು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅಷ್ಟು ಜನ ಸೇರಿದ್ದಾರೆ, ಒಬ್ಬರದ್ದೂ ತುಟಿ ಪಿಟಕ್ಕೆನ್ನುತ್ತಿಲ್ಲ. ಮೊಣಕಾಲುದ್ದದ ಮಕ್ಕಳು ಎದುರಾಳಿ ಹೊಡೆಯುವಾಗ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ತಾವು ಸೋಲುವ ಹೊಡೆತಕ್ಕೂ "ಚೆನ್ನಾಗಿತ್ತು" ಅನ್ನುತ್ತಾರೆ. ಮೇಷ್ಟ್ರು ಕೈಕಟ್ಟಿ ನಿಂತುಬಿಟ್ಟರು. ಇಂಥದ್ದೂ ಒಂದು ಆಟ ಉಂಟೇ ಎಂದು ಅವರಿಗೆ ಬೆರಗು ಹತ್ತಿತು.

ಚೆಂಡು ಬೀಳಿಸಬೇಕಾದ ಕೊನೆಯ ಕುಳಿಗೆ ಬಂದಾಗಲೂ ಹುಡುಗಿಯರಿಬ್ಬರೂ ಸಮ. ಈ ಆಟದಲ್ಲಿ ಕಡಿಮೆ ಹೊಡೆದವರು ಗೆದ್ದಂತೆ, ಒಂದು ಹೊಡೆತ ಹೆಚ್ಚಾದರೂ ಮುಗಿಯಿತು. ಚಂದನಳ ಚೆಂಡು ಹಗ್ಗದ ಪಕ್ಕದ ಹೊಂಗೆ ಮರದಡಿ, ತರಗೆಲೆಗಳ ನಡುವೆ ಬಿದ್ದಿತ್ತು. ಅವಳು ಬಗ್ಗಿ, ಚೆಂಡಿಗೆ ಒರಗಿದ್ದ ಒಂದು ಎಲೆ ತೆಗೆದಳು. ಚೆಂಡು ಕೂದಲೆಳೆಯಷ್ಟು ಜರುಗಿತು.

ತನ್ಮಯಿ ಆಚೆ ಬದಿಯಲ್ಲಿದ್ದಳು, ನೋಡಲಿಲ್ಲ. ಬೇರೆ ಯಾರೂ ನೋಡಲಿಲ್ಲ. ಧೂಳಿನ ನಡುವೆ ಬೆರಳ ತುದಿ ಸೋಕಿದ್ದನ್ನೂ ಬಿಡದ ಮೇಷ್ಟ್ರ ಕಣ್ಣಿಗೆ ಮಾತ್ರ ಬಿತ್ತು. ಕೈ ತಾನಾಗಿ ಜೇಬಿನ ವಿಷಲ್‌ಗೆ ಹೋಯಿತು. ಹೋದದ್ದು ಹಾಗೇ ಹಿಂದೆ ಬಂತು. ಚಂದನ ತಲೆಯೆತ್ತಿದಳು. ಮೇಷ್ಟ್ರು ಮುಖ ತಿರುಗಿಸಿ ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರ್ ನೋಡತೊಡಗಿದರು.

ಆಗ ಅವರ ಬೆನ್ನ ಹಿಂದೆ ಮೊಮ್ಮಗಳ ದನಿ ಕೇಳಿತು.

"ತನ್ಮಯಿ, ಎಲೆ ತೆಗೆಯುವಾಗ ನನ್ ಚೆಂಡು ಜರುಗ್ತು. ಒಂದು ಹೊಡೆತ ಸೇರಿಸ್ಕೋ."

ಅಧಿಕಾರಿಯನ್ನು ಕರೆದು, ಚೆಂಡನ್ನು ಮೊದಲಿದ್ದ ಕಡೆಯೇ ಇಟ್ಟು ಆಟ ಮುಗಿಸಿದಳು. ಸೋತದ್ದು ಆ ಒಂದೇ ಹೊಡೆತಕ್ಕೆ. ಇಬ್ಬರೂ ಟೋಪಿ ತೆಗೆದು ಕೈಕುಲುಕಿದರು. ಫೈನಲ್ಲಿಗೆ ತನ್ಮಯಿ ಹೋದಳು.

ಮಂಡ್ಯದ ಬಸ್ಸಿನಲ್ಲಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಯಾರೂ ನೋಡ್ನಿಲ್ವಲ್ಲವ್ವ. ಯಾಕೇಳ್ದೆ?"

ಚಂದನ ಕಿಟಕಿಯಿಂದ ಇತ್ತ ತಿರುಗಿದಳು. ಅತ್ತದ್ದರಿಂದ ಕಣ್ಣು ಕೆಂಪಾಗಿತ್ತು.

"ಜರುಗ್ತೋ ಇಲ್ವೋ ನಂಗೂ ಸರ್ಯಾಗಿ ಗೊತ್ತಾಗ್ಲಿಲ್ಲ ತಾತ. ಅದ್ಕೇ ನಿನ್ ಮುಖ ನೋಡ್ದೆ. ನೀನು ಆ ಕಡೆ ತಿರುಗಿಬುಟ್ಟೆ. ಆಗ ಗೊತ್ತಾಯ್ತು."