ಸವಳು ಹಿಡಿದ ಗಿಟಾರ್

ಸಿಂಧನೂರಿನ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಸಿದ್ದರಾಮೇಶನಿಗೆ ಹದಿನೇಳು ವರ್ಷ ಸರ್ವಿಸ್ ಆಗಿದೆ. ಈ ಹದಿನೇಳು ವರ್ಷಗಳಲ್ಲಿ ಅವನು ಅತಿ ಹೆಚ್ಚು ಸಲ ಬರೆದ ವಾಕ್ಯ ಒಂದೇ: "ನೀರು ಕಡಿಮೆ ಹಾಯಿಸಿ, ಬಸಿಗಾಲುವೆ ತೆಗೆಸಿ." ಕಾಲುವೆಯಲ್ಲಿ ಬಂತೆಂದು ಗದ್ದೆ ತುಂಬ ನೀರು ನಿಲ್ಲಿಸಿ, ಕೆಳಗಿನ ಉಪ್ಪು ಮೇಲೆದ್ದು, ನೆಲ ಸವಳಾದ ಮೇಲೆ ರೈತರು ಮಣ್ಣಿನ ಚೀಲ ಹಿಡಿದು ಅವನ ಮೇಜಿನ ಮುಂದೆ ನಿಲ್ಲುತ್ತಾರೆ. ಅವನು ಆ ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ಕಲಕಿ, ಲವಣ ಅಳೆದು, ಕಾರ್ಡಿನ ಕೊನೆಯ ಸಾಲಿನಲ್ಲಿ ಅದೇ ವಾಕ್ಯ ಬರೆಯುತ್ತಾನೆ. ವಾಕ್ಯ ಬೆರಳಿಗೆ ಬಾಯಿಪಾಠವಾಗಿದೆ. ತಲೆಗೆ ಮಾತ್ರ ಇನ್ನೂ ಇಳಿದಿರಲಿಲ್ಲ ಎಂಬುದು ಅವನಿಗೆ ನಲವತ್ತಮೂರನೆಯ ವಯಸ್ಸಿನಲ್ಲಿ, ಒಂದು ಗಿಟಾರಿನಿಂದ ಗೊತ್ತಾಯಿತು.

ರಜೆಯ ದಿನಗಳಲ್ಲಿ ಅವನು ಇಮಾಮ್‌ಸಾಬರ ಮೆಲೊಡಿ ಪಾರ್ಟಿಯಲ್ಲಿ ಗಿಟಾರ್ ನುಡಿಸುತ್ತಾನೆ. ಮದುವೆ, ಗೃಹಪ್ರವೇಶ, ಕಾಲೇಜಿನ ಸಮಾರಂಭ, ಎಲ್ಲಿ ಕರೆದರೂ ಸಿನಿಮಾ ಹಾಡುಗಳ ಹಿಂದೆ ಜಿಗ್ ಜಿಗ್ ಎಂದು ಎರಡು ಗಂಟೆ ಬಾರಿಸಿ ಬರುತ್ತಾನೆ. ಆದರೆ ಅವನ ಜೀವ ಇರುವುದು ಸರ್ಫ್ ಸಂಗೀತದಲ್ಲಿ. ಕಡಲಿನ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರುವವರ ಸಂಗೀತ ಅದು. ಅದರಲ್ಲಿ ಹಾಡುವವರಿಲ್ಲ, ಗಿಟಾರೇ ಹಾಡುತ್ತದೆ. ಸ್ವರ ತುಂಬಿಕೊಂಡಿರಬೇಕು, ಪೆಟ್ಟು ಖಡಕ್ಕಾಗಿರಬೇಕು, ಹಿಂದೆ ಅಲೆ ಒಡೆದಂತೆ ಮಾರ್ದನಿ ಇರಬೇಕು. ಕಾಲೇಜಿನಲ್ಲಿದ್ದಾಗ ಯಾರದೋ ಕ್ಯಾಸೆಟ್ಟಿನಲ್ಲಿ ಕೇಳಿದ್ದು ಇಪ್ಪತ್ತೆರಡು ವರ್ಷವಾದರೂ ಕಿವಿಯಿಂದ ಹೋಗಿಲ್ಲ. ತಾನೇ ಮೂರು ಮಿನಿಟಿನ ಒಂದು ಧಾಟಿ ಕಟ್ಟಿ ಅದಕ್ಕೆ 'ಕಡಲು' ಎಂದು ಹೆಸರಿಟ್ಟಿದ್ದಾನೆ. ಕಡಲನ್ನು ಅವನು ನೋಡಿಲ್ಲ. ಅವನು ಕಣ್ಣಾರೆ ಕಂಡ ಅತಿ ದೊಡ್ಡ ಅಲೆ ಎಡದಂಡೆ ಕಾಲುವೆಗೆ ಎಮ್ಮೆ ಇಳಿದಾಗ ಎದ್ದದ್ದು. ಇದನ್ನು ಯಾರಾದರೂ ಕೇಳುವ ಮೊದಲೇ ಅವನೇ ಹೇಳಿ ನಕ್ಕುಬಿಡುತ್ತಾನೆ. ಬೇರೆಯವರು ನಗುವುದಕ್ಕಿಂತ ಅದು ಮೇಲು.

ಒಂದು ದಿನ ಕುಷ್ಟಗಿ ರಸ್ತೆಯ ಶೆಡ್ಡಿನಲ್ಲಿ ಅಭ್ಯಾಸ ಮುಗಿದ ಮೇಲೆ ಇಮಾಮ್‌ಸಾಬ್ ಚಹಾದ ಲೋಟ ಕೆಳಗಿಟ್ಟರು.

"ಸಿದ್ದು, ಸಿಟ್ಟಾಗಬ್ಯಾಡ. ನಿನ್ನ ಗಿಟಾರ್ ಕೇಳಿದ್ರ ಬಚ್ಚಲದಾಗ ಸೊಳ್ಳಿ ಸಿಕ್ಕೊಂಡು ಕೂಗಿದಂಗ ಆಗತೈತಿ. ನಮ್ಮ ಶಾಹೀನ್ ಕೀಬೋರ್ಡಿನಾಗ ಗಿಟಾರ್ ಸಪ್ಪಳ ನಾಲ್ಕು ಥರಾ ಅದಾವ."

"ಆರು, ಅಬ್ಬಾ," ಎಂದು ಅವರ ಮಗಳು ಶಾಹೀನ್ ವೈರ್ ಸುತ್ತುತ್ತಲೇ ತಿದ್ದಿದಳು. ಲಿಂಗಸುಗೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವ ಅವಳಿಗೆ ಲೆಕ್ಕ ತಪ್ಪಿದರೆ ಸುಮ್ಮನಿರಲಾಗುವುದಿಲ್ಲ.

"ಆರು! ನೀ ಹೊತ್ಕೊಂಡ್ ಬರೋ ಆ ಗಿಟಾರ್ ಪೆಟ್ಟಿಗಿ ಜಾಗಾದಾಗ ಸ್ಟೇಜಿಗೆ ಹೊಗಿ ಬಿಡೋ ಮಷೀನ್ ಕೂಡತೈತಿ. ಮುಂದಿನ ತಿಂಗಳ ಹಟ್ಟಿ ಬಂಗಾರದ ಗಣಿಯೊಳಗ ಒಬ್ಬ ಫೋರ್ಮನ್ ರಿಟೈರ್ ಆಗಾಕತ್ತಾರ. ಕಂಪನಿ ಕಾಲೋನಿ ಹಾಲ್‌ನಾಗ ಪ್ರೋಗ್ರಾಂ. ಶುರುವಿಗೆ ಮೂರು ಮಿನಿಟ್ ನಿಂದು, ಆ ನಿನ್ನ ಕಡಲೋ ಕಡ್ಲಿಯೋ ಏನೈತಿ ಅದನ್ನ ಬಾರ್ಸು. ಕುಂತ ಮಂದಿ ಮಾತು ಬಿಟ್ಟು ತಲಿ ತಿರುಗಿಸಿದ್ರ ಗಿಟಾರ್ ಇರತೈತಿ. ಇಲ್ಲಾಂದ್ರ ಅವತ್ತಿನಿಂದ ನೀ ಖಂಜರಿ ಹಿಡಿ. ಬಾತ್ ಖತಂ."

ಸಿದ್ದರಾಮೇಶನಿಗೆ ಮೊದಲು ಅನ್ನಿಸಿದ್ದು, ಷರತ್ತು ಅಳೆಯುವಂಥದ್ದು, ಒಳ್ಳೆಯದಾಯಿತು ಎಂದು. ಖಂಜರಿ ನೆನಪಾದದ್ದು ಬೈಕು ಹತ್ತಿದ ಮೇಲೆ. ಕಚೇರಿಯಲ್ಲಿ ಅವನು 'ಮಣ್ಣಿನ ಸಾಹೇಬ್ರು'. ಓಣಿಯಲ್ಲಿ ನಾಗವೇಣಿ ಟೀಚರ ಗಂಡ. ಗಿಟಾರ್ ಕೊರಳಿಗೆ ಬಿದ್ದಾಗ ಮಾತ್ರ ಅವನು ಇನ್ನೇನೋ ಆಗಿರುತ್ತಿದ್ದ. ಏನು ಎಂದು ಅವನಿಗೂ ಗೊತ್ತಿರಲಿಲ್ಲ, ಆದರೆ ಅದನ್ನು ಬಿಟ್ಟು ಖಂಜರಿ ಅಲ್ಲಾಡಿಸುತ್ತ ನಿಲ್ಲಲು ಅವನು ತಯಾರಿರಲಿಲ್ಲ.

ಅವನು ಬಿಎಸ್ಸಿ ಓದಿದವನು. ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಹೊಡೆದು ಕಾಲಂ ಮಾಡಿದ. ನಿಯಮ ಒಂದು: ಒಂದು ಸಲಕ್ಕೆ ಒಂದೇ ಬದಲಾವಣೆ. ಗಿಟಾರನ್ನು ನೇರ ಮಿಕ್ಸರಿಗೆ ಚುಚ್ಚುವುದು ಬಿಟ್ಟು ತನ್ನ ಹಳೆಯ ಆ್ಯಂಪ್ಲಿಫೈಯರಿನ ಮುಂದೆ ಮೈಕ್ ಇಟ್ಟ. ಸ್ವಲ್ಪ ಮೈ ಬಂತು. ಒಡಕು ಬರಿಸುವ ತಿರುಪನ್ನು ಸೊನ್ನೆಗೆ ಇಳಿಸಿದ. ಸ್ವರ ತಿಳಿಯಾಯಿತು. ಆದರೆ ತೆಳುವು ಹೋಗಲಿಲ್ಲ.

ಆಗ ಅವನಿಗೆ ಹೊಳೆದದ್ದು ನೀರು. ಕಡಲಿನ ಸಂಗೀತಕ್ಕೆ ನೀರೇ ಸಾಲದಾಗಿದೆ! ಕಚೇರಿಯಲ್ಲಿ ಗುಜರಿಗೆ ಹಾಕಿದ್ದ ಮೂರು ಸ್ಪ್ರಿಂಗ್ ತಕ್ಕಡಿಗಳನ್ನು ಬರೆದುಕೊಟ್ಟು ತಂದು, ಸ್ಪ್ರಿಂಗ್ ಬಿಚ್ಚಿ, ಬಿಸ್ಕತ್ತಿನ ಖಾಲಿ ತಗಡಿನ ಡಬ್ಬಿಯೊಳಗೆ ಉದ್ದಕ್ಕೆ ಬಿಗಿದ. ಈ ತುದಿಗೆ ಸಣ್ಣ ಸ್ಪೀಕರ್, ಆ ತುದಿಗೆ ಅಲುಗಾಟ ಹಿಡಿಯುವ ಬಿಲ್ಲೆ. ಗಿಟಾರಿನ ಸದ್ದು ಸ್ಪ್ರಿಂಗಿನಲ್ಲಿ ಹೋಗಿ ಬಂದು, ಮತ್ತೆ ಹೋಗಿ ಬಂದು, ಮಾರ್ದನಿಯಾಗಿ ಹೊರಬೀಳುತ್ತದೆ. ಎಷ್ಟು ಮಾರ್ದನಿ ಬೇಕೆಂದು ಹೇಳಲು ಒಂದು ತಿರುಪು ಕೂರಿಸಿ, ಒಂದು ಕಡೆ 'ಒಣ', ಇನ್ನೊಂದು ಕಡೆ 'ಹಸಿ' ಎಂದು ಚೀಟಿ ಅಂಟಿಸಿ, ನಡುವೆ ಸೊನ್ನೆಯಿಂದ ಹತ್ತರವರೆಗೆ ಗೆರೆ ಎಳೆದ. ಮೊದಲ ದಿನ ಐದಕ್ಕೆ ಇಟ್ಟ. ಮರುದಿನ ಏಳು. ವಾರ ಕಳೆಯುವುದರೊಳಗೆ ಹತ್ತು. ಸದ್ದು ದೊಡ್ಡದಾಗಿ ಹರಡಿತು, ಖಡಕ್ ಮಾತ್ರ ದಿನದಿನಕ್ಕೆ ಕಡಿಮೆಯಾಯಿತು. ನೋಟ್‌ಬುಕ್ಕಿನಲ್ಲಿ ಅವನು ಬರೆದ ತೀರ್ಮಾನ: "ಸ್ಪ್ರಿಂಗ್ ಸಾಲದು. ನಾಲ್ಕನೆಯದು ಬೇಕು."

ನಾಲ್ಕನೆಯ ಸ್ಪ್ರಿಂಗ್ ಹುಡುಕುತ್ತಿದ್ದ ಭಾನುವಾರವೇ ಜವಳಗೇರಾದ ಗದ್ದೆಪ್ಪ ಮನೆಗೆ ಬಂದ. ಅರವತ್ತು ದಾಟಿದ ರೈತ. ಕೈಯಲ್ಲಿ ಪರೀಕ್ಷೆಯ ಕಾರ್ಡು, ಮುಖದಲ್ಲಿ ತಕರಾರು. ಅಂಗಳದ ಬೇವಿನ ನೆರಳಲ್ಲಿ ಸಿದ್ದರಾಮೇಶ 'ಕಡಲು' ಬಾರಿಸುತ್ತಿದ್ದ. ನಾಗವೇಣಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಸಾಹೇಬ್ರ, ಏನ್ರೀ ಇದು ಸಪ್ಪಳ? ಕೆಸರಾಗ ಟ್ರ್ಯಾಕ್ಟರ್ ಸಿಕ್ಕೊಂಡಂಗ."

"ಸಮುದ್ರದ ಸಂಗೀತ, ಗದ್ದೆಪ್ಪ."

"ಹೌದ್ರೀ? ಸಮುದ್ರ ನೋಡಿ ಬಂದೀರೇನು?"

"ಟಿಕೆಟ್ ತಗಸ್ತೀನಿ ಅಂತ ಹದಿನೈದು ವರ್ಷದಿಂದ ಹೇಳಾಕತ್ತಾರ," ಎಂದಳು ನಾಗವೇಣಿ, ಮೊರದಿಂದ ತಲೆ ಎತ್ತದೆ.

ಗದ್ದೆಪ್ಪ ಡಬ್ಬಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತ. ಕನ್ನಡಕ ಸರಿಮಾಡಿಕೊಂಡು ಚೀಟಿ ಓದಿದ.

"ಒಣ... ಹಸಿ. ಇದು ಏನ್ರಿ, ತೂಬೇನು?"

"ಹಂಗ ತಿಳ್ಕೋ. ಎಷ್ಟು ತಿರುವಿದ್ರ ಅಷ್ಟು ನೀರು."

"ಪೂರಾ ಎತ್ತಿಬಿಟ್ಟೀರಲ್ರೀ!" ಎಂದ ಗದ್ದೆಪ್ಪ ತನ್ನ ಕಾರ್ಡನ್ನು ಬಿಡಿಸಿ ಸಾಹೇಬನ ಮೂಗಿನ ಮುಂದೆ ಹಿಡಿದ. "ಇಲ್ಲಿ ನನಗೇನು ಬರದೀರಿ? ನೀರು ಕಮ್ಮಿ ಹಾಯಿಸು ಅಂತ. ನಿಮ್ಮ ಹೊಲಕ್ಕ ನೋಡಿದ್ರ ಹಗಲೂ ರಾತ್ರಿ ಬಿಟ್ಟೀರಿ. ಸವಳ ಹಿಡೀಲಾರ್ದ ಇನ್ನೇನ್ ಹಿಡೀತೈತಿ?"

ನಾಗವೇಣಿಯ ಕೈಯಲ್ಲಿ ಮೊರ ನಿಂತಿತು. ಅವಳು ಮಸ್ಕಿಯ ಆಚೆಯ ಒಣಬೇಸಾಯದ ಮನೆಯವಳು. ಕಾಲುವೆಯವರ ನೀರಿನ ಆಸೆಯನ್ನು ಆಡಿಕೊಳ್ಳುವುದು ಅವಳಿಗೆ ತವರಿನಿಂದ ಬಂದ ಹಕ್ಕು.

"ಅಜ್ಜಾ, ಇವರು ಕಾಲುವಿ ಬಗಲಿನ ಗೊರೇಬಾಳದವ್ರು. ನೀರು ಕಂಡ್ರ ಕೈ ನಿಲ್ಲಂಗಿಲ್ಲ ಇವರಿಗೆ. ನಮ್ಮ ಕಡಿ ಜೋಳ ನೋಡು, ಎರಡು ಮಳಿ ಕುಡದು ಹ್ಯಾಂಗ ಗಟ್ಟಿ ಕಾಳು ಕಟ್ಟತೈತಿ."

ಸಿದ್ದರಾಮೇಶ ಪೆನ್ನು ತೆಗೆದ. ಅವನು ತಂತಿಯನ್ನು ಸೆಕೆಂಡಿಗೆ ಎಂಟು ಸಲ ಮೀಟುತ್ತಾನೆ. ಸ್ಪ್ರಿಂಗಿನ ಡಬ್ಬಿಯಲ್ಲಿ ಒಂದು ಪೆಟ್ಟಿನ ಮಾರ್ದನಿ ಮೂರು ಸೆಕೆಂಡು ನಿಲ್ಲುತ್ತದೆ. ಅಂದರೆ ಯಾವ ಗಳಿಗೆಯಲ್ಲಿ ಕೇಳಿದರೂ ಇಪ್ಪತ್ನಾಲ್ಕು ಪೆಟ್ಟುಗಳು ಒಂದರ ಮೇಲೊಂದು ನಿಂತ ನೀರು. ಹೊಸ ಪೆಟ್ಟು ಬಂದು ಬೀಳಲು ಒಣ ನೆಲವೇ ಇಲ್ಲ. ಇಷ್ಟು ಸರಳ ಗುಣಾಕಾರಕ್ಕೆ ಇಪ್ಪತ್ತಾರು ಪುಟ ಖರ್ಚಾಗಿದ್ದವು. ಹದಿನೇಳು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಕೈಯೇ ತಿರುಪನ್ನು ಹತ್ತಕ್ಕೆ ತಿರುಗಿಸಿತ್ತು.

ತಿರುಪನ್ನು ಮೂರಕ್ಕೆ ಇಳಿಸಿ ಬಾರಿಸಿದ. ಪೆಟ್ಟುಗಳು ಬೇರೆಬೇರೆಯಾಗಿ ಕೇಳಿಸಿದವು. ಖಡಕ್ಕೇನೋ ಬಂತು. ಆದರೆ ನೀರು ಇಳಿದ ಮೇಲೆ ನೆಲದ ಗುಣ ಬಯಲಾಯಿತು: ಸ್ವರ ಬಡಕಲು.

"ಈಗ ಕೇಳಸತೈತಿ," ಎಂದಳು ನಾಗವೇಣಿ. "ಆದ್ರ ರೀ, ನೀವು ತಂತಿ ಬಾರಸಾಕತ್ತೀರೋ, ಅದರ ಮೈ ದಡವಾಕತ್ತೀರೋ? ಹಿಟ್ಟಿಗೆ ನೋವಾದೀತು ಅಂತ ರೊಟ್ಟಿ ಬಡಿಯಾಕ ಆಗತೈತೇನು?"

ನೋಟ್‌ಬುಕ್ ತಿರುವಿ ನೋಡಿದ. ಹದಿನಾಲ್ಕು ಬದಲಾವಣೆಗಳ ಪಟ್ಟಿಯಲ್ಲಿ ಎರಡು ಇರಲೇ ಇಲ್ಲ. ಒಂದು ತಂತಿ, ಇನ್ನೊಂದು ತನ್ನ ಕೈ. ತೆಳು ತಂತಿ ಬೆರಳಿಗೆ ಹಿತವೆಂದು ಇಪ್ಪತ್ತೆರಡು ವರ್ಷ ಅದನ್ನೇ ಕಟ್ಟಿದ್ದ. ಪ್ರಯೋಗಶಾಲೆಯವನು ತನ್ನನ್ನು ಬಿಟ್ಟು ಎಲ್ಲವನ್ನೂ ಪರೀಕ್ಷಿಸಿದ್ದ.

ಕೊರಿಯರಿನಲ್ಲಿ ದಪ್ಪ ತಂತಿ ತರಿಸಿದ. ಸುತ್ತು ಚಪ್ಪಟೆಯಾಗಿರುವ, ಬೆರಳು ಜಾರಿದರೆ ಕಿರುಚದಂಥದ್ದು. ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ, ಒಂಬತ್ತರ ಬದಲು ಹನ್ನೆರಡು. ಅದೇ ಸ್ವರಕ್ಕೆ ಏರಿಸಿದರೆ ಎಳೆತ ಸುಮಾರು ಒಂದು ಮುಕ್ಕಾಲು ಪಟ್ಟು. ಗಿಟಾರಿನ ಕತ್ತು ಬಿಲ್ಲಿನಂತೆ ಬಾಗಿತು. ಅದರೊಳಗಿನ ಸರಳನ್ನು ಕಾಲು ಸುತ್ತು ಬಿಗಿದು ನೇರ ಮಾಡಿದ. ಅವನ ಬೆರಳಿಗೆ ಅಂಥ ಸರಳು ಇರಲಿಲ್ಲ. ಮೊದಲ ವಾರ ಬೊಬ್ಬೆ, ಎರಡನೆಯ ವಾರ ಬೊಬ್ಬೆಯ ಮೇಲೆ ಬೊಬ್ಬೆ. ಕಚೇರಿಯಲ್ಲಿ ಆಸಿಡ್ ತಾಗಿತೆಂದು ಸುಳ್ಳು ಹೇಳಿದ. ಬಲಗೈಯನ್ನು ತಂತಿಯ ನಡುವಿನಿಂದ ಸರಿಸಿ, ತಂತಿ ಕಟ್ಟಿರುವ ಕಡೆಗೆ, ಬಿಗಿ ಹೆಚ್ಚಿರುವ ಜಾಗಕ್ಕೆ ತಂದು, ನಾಗವೇಣಿ ರೊಟ್ಟಿ ಬಡಿಯುವ ತಾಳದಲ್ಲಿ ಹೊಡೆಯಲು ಕಲಿತ. ಅವಳು ಒಳಗೆ ಬಡಿಯುತ್ತಿದ್ದಳು, ಇವನು ಹೊರಗೆ. ಓಣಿಯವರು ಕದ ಹಾಕಿಕೊಂಡರು.

ಹಟ್ಟಿಗೆ ಹೊರಟ ದಿನ ವ್ಯಾನಿನಲ್ಲಿ ಅವನ ಡಬ್ಬಿಯ ಪಕ್ಕದಲ್ಲೇ ಹೊಗೆ ಮಷೀನನ್ನೂ ಏರಿಸಿದ್ದರು. ಮಸ್ಕಿ ದಾಟುತ್ತಲೇ ಭತ್ತದ ಹಸಿರು ನಿಂತು ತೊಗರಿಯ ಹೊಲಗಳು ಬಂದವು. ಲಿಂಗಸುಗೂರಿನಲ್ಲಿ ಶಾಹೀನ್ ಹತ್ತಿಕೊಂಡಳು. ಅವನ ಬೆರಳು ನೋಡಿ, "ಖಂಜರಿ ಹಿಡಿಯಾಕೂ ಬರಂಗಿಲ್ಲ ಬಿಡ್ರಿ ಈಗ," ಎಂದಳು.

ಕಾಲೋನಿಯ ಹಾಲಿನಲ್ಲಿ ನೂರೈವತ್ತು ಜನ. ಎಲ್ಲರೂ ಮಾತಾಡುತ್ತಿದ್ದರು. ಮೊದಲ ಸಾಲಿನಲ್ಲಿ ನಿವೃತ್ತರಾಗುವ ಫೋರ್ಮನ್ ಹಾರ ಹಾಕಿಕೊಂಡು ಕೂತಿದ್ದರು. ಸಿದ್ದರಾಮೇಶ ವೇದಿಕೆಯ ಮೇಲೆ ತಿರುಪು ನೋಡಿದ: ಮೂರು. ಕೈ ತನ್ನಷ್ಟಕ್ಕೆ ನಾಲ್ಕರ ಕಡೆ ಹೋಯಿತು. ಗದ್ದೆಪ್ಪನ ಕಾರ್ಡು ಕಣ್ಣ ಮುಂದೆ ಬಂದು ಕೈ ಹಿಂದೆ ಸರಿಯಿತು. ಕೆಳಗಿನ ದಪ್ಪ ಸ್ವರದಿಂದ ಶುರುಮಾಡಿ ಒಂದೇ ಏಟು ಹೊಡೆದ.

ಹಾಲಿನ ಕಿಟಕಿಯ ಗಾಜು ಝಣ್ ಎಂದಿತು. ಮಾತು ನಿಂತಿತು. ನೂರೈವತ್ತು ತಲೆಗಳು ತಿರುಗಿದವು.

ವೇದಿಕೆಯ ಕಡೆಗಲ್ಲ. ಕಿಟಕಿಯ ಕಡೆಗೆ, ಗಣಿಯ ಕಡೆಗೆ. ಫೋರ್ಮನ್ನರು ಕೈಗಡಿಯಾರ ನೋಡಿಕೊಂಡು ಪಕ್ಕದವರನ್ನು ಕೇಳಿದ್ದು ಮೈಕಿನಲ್ಲೂ ಕೇಳಿಸಿತು: "ಏ, ಬ್ಲಾಸ್ಟಿಂಗ್ ಟೈಮ್ ಇನ್ನಾ ಆಗಿಲ್ಲಲ್ಲೋ?"

ಎರಡನೆಯ ಏಟಿಗೆ ಅದು ಗಣಿಯಲ್ಲ, ಗಿಟಾರ್ ಎಂದು ಗೊತ್ತಾಗಿ ಹಾಲಿಗೆ ಹಾಲೇ ನಕ್ಕಿತು. ನಗುತ್ತಲೇ ಕೇಳಿತು. ಮೂರು ಮಿನಿಟು ಮುಗಿದಾಗ ಫೋರ್ಮನ್ನರು ಎದ್ದು, "ಮೂವತ್ನಾಲ್ಕು ವರ್ಷ ಭೂಮಿ ಒಳಗಿಂದ ಕೇಳೇನಿ ಇದನ್ನ. ನಾಳಿಂದ ಕೇಳಂಗಿಲ್ಲ. ಇನ್ನೊಮ್ಮಿ ಹೊಡೀರಿ," ಎಂದರು.

ಇಳಿದು ಬಂದವನನ್ನು ಇಮಾಮ್‌ಸಾಬ್ ಪರದೆಯ ಹಿಂದೆ ತಡೆದರು. ಸಿದ್ದರಾಮೇಶನೇ ಮೊದಲು ಹೇಳಿದ: "ಚಾಚಾ, ತಲಿ ತಿರುಗಿದ್ದು ನನ್ನ ಕಡಿ ಅಲ್ಲ. ಕಿಟಕಿ ಕಡಿ."

"ಲೇ ಹುಚ್ಚಾ, ಗೆದ್ದ ಮ್ಯಾಗೂ ತನ್ನ ತಪ್ಪು ತಾನ ಹುಡುಕ್ತೀಯಲ್ಲೋ! ಷರತ್ತಿನಾಗ ಯಾವ ಕಡಿ ಅಂತ ನಾ ಹೇಳೀನೇನು?" ಎಂದು ಅವರು ಮಗಳತ್ತ ನೋಡಿದರು. ಶಾಹೀನ್ ಒಂದು ಕ್ಷಣ ಯೋಚಿಸಿ, "ಇಲ್ಲ, ಹೇಳಿಲ್ಲ," ಎಂದು ತೀರ್ಪು ಕೊಟ್ಟಳು. ಬರುವಾಗ ವ್ಯಾನಿನಲ್ಲಿ ಗಿಟಾರಿಗೂ ಡಬ್ಬಿಗೂ ಜಾಗ ಬಿಟ್ಟು, ಹೊಗೆ ಮಷೀನನ್ನು ಅವಳ ಕಾಲ ಬಳಿ ಇಟ್ಟರು.

ಮನೆಗೆ ಬಂದವನು ನೋಟ್‌ಬುಕ್ಕಿನಲ್ಲಿ ಬರೆದ: "ಹಸಿ 3. ತಂತಿ 12. ತಲೆಗಳು ತಿರುಗಿವೆ. ದಿಕ್ಕು ಮುಂದೆ ನೋಡಬೇಕು." ನಾಗವೇಣಿ ತಾಟು ತಂದಿಟ್ಟಳು. ತವರಿನ ಜೋಳದ ಖಡಕ್ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಪುಡಿ. ಅವನು ರೊಟ್ಟಿ ಹಿಡಿದ. ಬೊಬ್ಬೆ ಒಡೆದ ಬೆರಳಿಗೆ ಅದು ಮುರಿಯಲಿಲ್ಲ. ಇನ್ನೊಂದು ಕೋನದಿಂದ ಹಿಡಿದು ನೋಡಿದ.

"ಗಣಿ ಸಿಡಿಸಿ ಬಂದೀನಿ ಅಂದ್ರಿ, ರೊಟ್ಟಿ ಮುರಿಯಾಕ ಆಗವಲ್ದೇನು?" ಎಂದು ಅವಳು ತಾಟು ತನ್ನ ಕಡೆಗೆ ಎಳೆದುಕೊಂಡು, ರೊಟ್ಟಿಯನ್ನು ಟಪ್ ಟಪ್ ಎಂದು ತುಂಡು ಮಾಡಿ ಅವನ ಮುಂದೆ ಸರಿಸಿದಳು.